ಸೋಮವಾರದ ಸಂತೆಗೆ ಹೋಗು

ಚಿ. ಸೌ. ಸಹನಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಬಾಡಿಗೆ, ವೀಸಾ ವಿಷಯಕ್ಕೆಲ್ಲ ನಿಮ್ಮ ದೊಡ್ಡಪ್ಪ ಬೇರೆ ಬರೆಯುತ್ತಾರೆ. ನನ್ನ ನಿದ್ದೆ ಕೆಡಿಸಿರೋದು ಕೊನೆಯಲ್ಲಿ ನೀನು ಸುಮ್ನೆ ಸೇರಿಸಿದ ಎರಡು ಸಾಲು. ಸಂತೆಗೆ ಹೋಗೋದು ಬಿಟ್ಟಿದ್ದೀಯಂತೆ. ಅಲ್ಲಿ ಫ್ರೆಂಚಿನಲ್ಲಿ ನಿನ್ನ ಪರವಾಗಿ ಮಗಳು ಪುಟ್ಟಿಯೇ ಮಾತಾಡುತ್ತಾಳೆ, ನಾಳೆ ದೊಡ್ಡವಳಾದ ಮೇಲೆ ನಿನ್ನನ್ನು ಕಂಡು ನಾಚಿಕೊಂಡರೆ ಅಂತ ಭಯವಂತೆ.

ಹೋದ ಬೇಸಿಗೆ ನಾನೂ ನಿನ್ನ ಜೊತೆ ಬಂದಿದ್ದೆನಲ್ಲ. ಫ್ರಾನ್ಸಿನ ನಿಮ್ಮ ಫೋರ್ಕಾಲ್ಕಿಯೆಯಂಥ ಐದು ಸಾವಿರ ಜನರ ಊರಿಗೆ ಸೋಮವಾರ ಬಂದರೆ ಹಬ್ಬ. ಬುರ್ಗೆ ಚೌಕದಲ್ಲಿ, ಆ ದೊಡ್ಡ ಚರ್ಚಿನ ಮಗ್ಗುಲಲ್ಲಿ, ಎಲ್ಲಿ ನೋಡಿದರೂ ಅಂಗಡಿ. ಜೇನು, ಆಲಿವ್, ಲ್ಯಾವೆಂಡರ್ ಪೊಟ್ಟಣ. ಆದರೆ ನನಗೆ ಜಾಸ್ತಿ ನೆನಪಿರೋದು ಕರಬೂಜದ ಅಂಗಡಿ. ನಮ್ಮ ಮುಂದಿದ್ದ ಅಜ್ಜಿ ಒಂದೇ ಒಂದು ಹಣ್ಣು ಕೇಳಿದರು. ಮಧ್ಯಾಹ್ನದ ಊಟಕ್ಕೋ, ರಾತ್ರಿಗೋ ಅಂತ ಮಾರುವವನು ಕೇಳಿದ. ಪುಟ್ಟಿ ನನ್ನ ಕಿವಿಯಲ್ಲಿ ಅರ್ಥ ಹೇಳಿದಳು. ಅವನು ಒಂದೊಂದೇ ಹಣ್ಣಿನ ತೊಟ್ಟು ಮೂಸಿ ನೋಡಿ ಆರಿಸಿ ಕೊಟ್ಟ. ಅಷ್ಟಕ್ಕೇ ಮುಗಿಯಲಿಲ್ಲ, ಮಾತು ಸೊಸೆಗೆ ಹೋಯಿತು, ಮಂಡಿನೋವಿಗೆ ಹೋಯಿತು. ಹಿಂದೆ ನಿಂತವರು ಒಬ್ಬರೂ ಗೊಣಗಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಎರಡು ಜಗಳ ಆಗಿರುತ್ತಿತ್ತು! ಅಂಥ ಸಾಲಿನಲ್ಲಿ ನೀನು ನಾಲ್ಕು ಮಾತು ತಡವರಿಸಿದರೆ ಯಾರಿಗೆ ಹೊತ್ತಾಗುತ್ತೆ ಹೇಳು.

ನಿನ್ನ ಕಷ್ಟ ಗೊತ್ತಾಗಲಿಲ್ಲ ಅಂತಲ್ಲ. ಅಲ್ಲಿ ಹೆಚ್ಚಿನ ಅಂಗಡಿಗಳಲ್ಲಿ ಹಣ್ಣು ಮುಟ್ಟಿ ಆರಿಸುವ ಹಾಗಿಲ್ಲ, ಕೊಡುವವನೇ ಆರಿಸಬೇಕು. ಹಾಗಾಗಿ ಬಾಯಿ ಬಿಡದೆ ವಿಧಿಯಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಆ ತಾಪತ್ರಯ ಇಲ್ಲ, ಅಲ್ವಾ?

ಪುಟ್ಟಿ ನಾಚಿಕೊಳ್ಳುತ್ತಾಳಾ ಅಂತ ಕೇಳಿದ್ದೀಯ. ಅವಳ ಜಾಗದಲ್ಲಿ ನಾನು ನಿಂತವಳು ಕಣೆ. ಪುಣೆಯಲ್ಲಿದ್ದಾಗ ನಿಮ್ಮಮ್ಮ ಇನ್ನೂ ಕಂಕುಳ ಕೂಸು, ಅವಳಿಗೆ ಇದೆಲ್ಲ ನೆನಪಿರೋದಿಲ್ಲ. ನಿಮ್ಮ ಅಜ್ಜಿಗೆ ಮರಾಠಿ ಬರುತ್ತಿರಲಿಲ್ಲ. ಎಂಟು ಮೂಲೆಯ ಗೋಪುರದ ಆ ಮಂಡಯಿ ಮಾರ್ಕೆಟ್ಟಿನಲ್ಲಿ ಮಾತೆಲ್ಲ ನನ್ನದೇ. ದುಡ್ಡಿನ ಪರ್ಸು ನನ್ನ ಕೈಯಲ್ಲಿ, ಚೌಕಾಸಿ ನನ್ನದು. ನಾಚಿಕೆ ಎಲ್ಲಿ ಬಂತು, ಜಂಬ ಇತ್ತು. ಅಮ್ಮ ಬೆಂಡೆಕಾಯಿ ತುದಿ ಮುರಿದು ನೋಡಿ ಕಣ್ಣಲ್ಲೇ ಹೇಳೋರು, ನಾನು ದರ ಕೂಗುತ್ತಿದ್ದೆ. ನನಗೆ ಭಾಷೆ ಗೊತ್ತಿತ್ತು, ತರಕಾರಿ ಗೊತ್ತಿರಲಿಲ್ಲ.

ಆಮೇಲೆ ಅಮ್ಮ ಬರೋದು ನಿಂತುಹೋಯಿತು. ಚೀಟಿ ಬರೆದು ಅಪ್ಪನ ಕೈಗೆ ಕೊಡೋರು. ಮನೆಗೆ ಬಲಿತ ಬೆಂಡೆಕಾಯಿ ಬರತೊಡಗಿತು. ಯಾಕೆ ಬರೋದಿಲ್ಲ ಅಂತ ನಾನು ಕೇಳಲಿಲ್ಲ. ಯಾವಾಗಿನಿಂದ ಬಿಟ್ಟರು ಅನ್ನೋದೂ ಜ್ಞಾಪಕವಿಲ್ಲ. ಅವರಿಗೂ ನಿನ್ನದೇ ಭಯ ಇತ್ತೇನೋ. ಹಾಗೇನೂ ಇಲ್ಲಮ್ಮ ಅನ್ನೋಕೆ ಈಗ ಅವರಿಲ್ಲ. ನಿನ್ನ ಕಾಗದ ಓದಿದಾಗ ಇದೇ ಹೊಟ್ಟೆಯಲ್ಲಿ ಕಲೆಸಿತು. ನಾನು ಮಾತಾಡಿಕೊಟ್ಟದ್ದರಿಂದ ಅಮ್ಮ ನನ್ನ ಕಣ್ಣಲ್ಲಿ ಸಣ್ಣವರಾಗಲಿಲ್ಲ. ಅವರು ಮನೆಯಲ್ಲೇ ಉಳಿದುಬಿಟ್ಟ ಮೇಲೆ ನನ್ನ ಜೊತೆ ಹೋಗುವವರು ಯಾರೂ ಇರಲಿಲ್ಲ, ಅಷ್ಟೇ.

ಹೇಗೆ ಮಾಡು ಅಂತ ಹೇಳಲಿ? ನನಗೆ ಫ್ರೆಂಚ್‌ನ ಗಂಧಗಾಳಿ ಇಲ್ಲ. ಮೊದಲು ಬೋಂಜೂರ್ ಅಂತ ನಮಸ್ಕಾರ ಹೇಳಿದರೆ ಮುಖ ಅರಳಿಸುತ್ತಾರೆ, ಹೇಳದಿದ್ದರೆ ಗಂಟಿಕ್ಕುತ್ತಾರೆ. ಇಷ್ಟು ನಾನೂ ಕಂಡುಕೊಂಡೆ. ಈ ಜುಲೈ, ಆಗಸ್ಟಿನಲ್ಲಿ ಅಲ್ಲಿ ಸಾಲುಗಟ್ಟುವವರಲ್ಲಿ ಪ್ರವಾಸಿಗರು ಎಷ್ಟು ಜನ! ಇಂಗ್ಲಿಷಿನವರು, ಡಚ್ಚರು, ಎಲ್ಲರೂ ತಡವರಿಸುವವರೇ. ಮಧ್ಯಾಹ್ನ ಒಂದಕ್ಕೆಲ್ಲ ಗಂಟುಮೂಟೆ ಕಟ್ಟುತ್ತಾರೆ, ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ಚಿಲ್ಲರೆ ಎಣಿಸೋದು ಪುಟ್ಟಿಗೆ ಬಿಡು, ಕರಬೂಜ ನೀನು ಕೇಳು. ಇದೂ ಸರಿಯೋ ತಪ್ಪೋ, ಅವಳ ಜಂಬ ಕಿತ್ತುಕೊಂಡ ಹಾಗಾಗಬಾರದು. ಸೆಪ್ಟೆಂಬರಿನಲ್ಲಿ ಅವಳು ಸ್ಕೂಲಿಗೆ ಹೋದ ಮೇಲೆ ಒಬ್ಬಳೇ ಹೋಗಿ ನೋಡು. ಬೇಡ ಅನ್ನಿಸಿದರೆ ಬಿಡು, ನಾನು ದೂರದಲ್ಲಿ ಕೂತು ಬರೆಯುತ್ತಿದ್ದೇನೆ.

ಬನೋಂ ಹಳ್ಳಿಯ ಆ ಮೇಕೆಹಾಲಿನ ಚೀಸ್ ಇತ್ತಲ್ಲ, ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿ ನಾರು ಕಟ್ಟಿರುತ್ತಾರೆ, ಅದರ ವಾಸನೆ ಮಾತ್ರ ನನಗೆ ಹಿಡಿಸಲಿಲ್ಲ. ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕ ಹಾಗೆ ಅದಕ್ಕೂ ಊರ ಹೆಸರಿನ ಮುದ್ರೆ 2003ರಲ್ಲಿ ಸಿಕ್ಕಿತಂತೆ. ಪುಟ್ಟಿಗೆ ಅದು ಪ್ರಾಣ. ನೀನೇ ಬಾಯಿಬಿಟ್ಟು ಕೇಳಿ ಕೊಡಿಸು.

ಬರುವ ಸೋಮವಾರ ಸಾಯಂಕಾಲ ಫೋನ್ ಮಾಡು. ಏನೇನು ತಂದೆ, ಎಷ್ಟಾಯಿತು ಹೇಳು. ಹೋಗದಿದ್ದರೂ ಮಾಡು.

ಇಂತಿ,
ನಿನ್ನ ದೊಡ್ಡಮ್ಮ