ಮುಗಿಯುವಂಥ ಆಟ ಆಡು ಮಾರಾಯ

ಮೈಸೂರು

ಚಿ. ರಘುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದುಕೊಂಡಿದೆ, ಹಪ್ಪಳದ ಕೆಲಸ ಅರ್ಧಕ್ಕೇ ನಿಂತಿದೆ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ರಾತ್ರಿ ಎರಡಾದರೂ ನಿನ್ನ ರೂಮಿನ ಬಾಗಿಲ ಸಂದಿಯಲ್ಲಿ ಫೋನಿನ ಬೆಳಕು ಕಾಣುತ್ತದಂತೆ. ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಕೆಲಸ ಅವಳು ಚೆನ್ನಾಗೇ ಮಾಡುತ್ತಾಳೆ.

ನೀನು ಅವಳಿಗೆ ಕೊಟ್ಟ ಉತ್ತರ ಕೇಳಿ ಬರೆಯೋಣ ಅನ್ನಿಸಿತು. "ಇಡೀ ದಿನ ಆಫೀಸಲ್ಲಿ ಒದ್ದಾಡಿ ಬರ್ತೀನಿ, ರಿಲ್ಯಾಕ್ಸ್ ಆಗೋದು ಬೇಡ್ವಾ?" ಅಂದೆಯಂತೆ. ಬೇಕಪ್ಪಾ, ಯಾರು ಬೇಡ ಅಂದರು? ಆದರೆ ರಿಲ್ಯಾಕ್ಸ್ ಆದವನ ಮುಖ ಬೆಳಿಗ್ಗೆ ಎದ್ದಾಗ ಹರಳೆಣ್ಣೆ ಕುಡಿದ ಹಾಗೆ ಯಾಕಿರುತ್ತದೆ?

ರೀಲ್ಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಾನೂ ನೋಡುತ್ತೇನೆ. ಮಂಗಳೂರು ಕಡೆಯವರ ಅಡುಗೆ ವಿಡಿಯೊಗಳಂತೂ ಎಷ್ಟು ಚೆನ್ನಾಗಿರುತ್ತವೆ! ತೊಂದರೆ ಏನೆಂದರೆ ಅದು ಮುಗಿಯುವುದೇ ಇಲ್ಲ. ಮೊದಲೆಲ್ಲ ಕಂಪ್ಯೂಟರಿನಲ್ಲಿ ಪುಟದ ಕೊನೆ ತಲುಪಿದರೆ ಮುಂದಿನ ಪುಟಕ್ಕೆ ಒತ್ತಬೇಕಿತ್ತು. ಆ ಒಂದು ಗಳಿಗೆಯಲ್ಲಿ "ಸಾಕು ಏಳೋಣ" ಅನ್ನಿಸುತ್ತಿತ್ತು. 2006ರಲ್ಲಿ ಆಜಾ ರಾಸ್ಕಿನ್ ಎನ್ನುವ ಅಮೆರಿಕದ ಡಿಸೈನರ್ ಆ ಒತ್ತುವ ಕೆಲಸವನ್ನೇ ತೆಗೆದು, ಮುಂದಿನದ್ದು ತಾನಾಗಿ ಬರುವ ಹಾಗೆ ಮಾಡಿದ. ಆಮೇಲೆ ಯಾಕಾದರೂ ಮಾಡಿದೆನೋ ಅಂತ ಅವನೇ ಬೇಜಾರು ಮಾಡಿಕೊಂಡ. ನಮ್ಮ ದೇಶದಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಲ್ಲಿಸಿದರು, ಜುಲೈನಲ್ಲೇ ಇನ್‌ಸ್ಟಾಗ್ರಾಂನವರ ರೀಲ್ಸ್ ಬಂದು ಕೂತಿತು. ಹೀಗೆಲ್ಲ ಲೆಕ್ಕ ಹಾಕಿ ಮಾಡಿದ್ದರ ಮುಂದೆ ಕೂತು, ನನಗೆ ಹತೋಟಿಯೇ ಇಲ್ಲ ಅಂತ ನಿನ್ನನ್ನು ನೀನೇ ಬೈದುಕೊಳ್ಳಬೇಡ. ನಿಲ್ಲಿಸುವ ಜಾಗವನ್ನೇ ಅವರು ಇಟ್ಟಿಲ್ಲ.

ಅದಕ್ಕೇ ಹೇಳುತ್ತೇನೆ, ತಾನಾಗಿ ಮುಗಿಯುವಂಥದ್ದು ಏನಾದರೂ ಹಿಡಿ.

ಚೌಕಾಬಾರ ನೆನಪಿದೆಯಾ? ಬೇಸಿಗೆ ರಜಕ್ಕೆ ಬಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ ನೀನು. ಮರೆತಿದ್ದರೆ ಹೇಳುತ್ತೇನೆ ಕೇಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೆ ಐದು ಮನೆ ಬರಿ. ನಾಲ್ಕೂ ಬದಿಯ ನಡುಮನೆಗೆ, ಒಳಗಿನ ಮಧ್ಯದ ಮನೆಗೆ ಕತ್ತರಿ ಗೆರೆ ಹಾಕು. ಅಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವ ಹಾಗಿಲ್ಲ. ಕವಡೆ ಇಲ್ಲದಿದ್ದರೆ ಹುಣಸೆಬೀಜ ಆಗುತ್ತದೆ. ದಪ್ಪನೆಯ ನಾಲ್ಕು ಬೀಜ ಆರಿಸಿ ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ತೇಯಬೇಕು. ಸಿಪ್ಪೆ ಹೋಗಿ ಒಳಗಿನ ಬಿಳುಪು ಕಾಣುವ ತನಕ ತೇಯಬೇಕು, ಬೇಗ ಆಗುವುದಿಲ್ಲ. ತೇದಂತೆ ಬೀಜ ಬಿಸಿಯಾಗುತ್ತದೆ. ನಿಮ್ಮಪ್ಪ ಆ ಬಿಸಿ ಬೀಜವನ್ನು ಸದ್ದಿಲ್ಲದೆ ನನ್ನ ತೋಳಿಗೆ ಒತ್ತಿ ಓಡುತ್ತಿದ್ದ, ಬೇಕಾದರೆ ಕೇಳು.

ಬೀಜ ಕುಲುಕಿ ಹಾಕಿದಾಗ ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಿನವರ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅನ್ನುವುದು ನಮ್ಮ ಮನೆ ರೂಲ್ಸು. ಜಗಳ ಶುರುವಾಗುವುದು ಅಲ್ಲೇ. ನಾಲ್ಕೂ ಕಾಯಿ ಒಳಗಿನ ಮಧ್ಯದ ಮನೆ ಸೇರಿ ಹಣ್ಣಾದವೋ, ಆಟ ಮುಗಿಯಿತು. ನೆಲ ಒರೆಸಿ ಮಲಗಲು ಹೋಗಬಹುದು.

"ಫೋನಲ್ಲೇ ಲೂಡೊ ಇದೆಯಲ್ಲ ಅತ್ತೆ" ಅನ್ನುತ್ತೀಯ, ಗೊತ್ತು. ಇದೆ. ಒಂದಾಟ ಮುಗಿದ ತಕ್ಷಣ ಜಾಹೀರಾತು ತೋರಿಸಿ ಇನ್ನೊಂದಕ್ಕೆ ಕರೆಯುತ್ತದೆ. ನಿಮ್ಮಪ್ಪ ಹಾಗೆ ಕರೆಯುವವನಲ್ಲ. ಸೋತರೆ ಮುಖ ಊದಿಸಿಕೊಂಡು ಎದ್ದೇ ಹೋಗುತ್ತಾನೆ.

ಇದೇನು ಮಕ್ಕಳಾಟ ಅಂತ ತಾತ್ಸಾರ ಬೇಡ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಿಡುವೇ ಬಿಡುವು. ಅವರಿಗೆ ಸಾಹಿತ್ಯ, ಸಂಗೀತದ ಜೊತೆ ಇಂಥ ಆಟಗಳ ಹುಚ್ಚೂ ಇತ್ತು. ಹೊಸ ಆಟಗಳನ್ನೇ ಕಟ್ಟಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳನ್ನು ಬರೆಸಿದ್ದಾರೆ. ಮುಂದಿನ ಸಲ ಬಂದಾಗ ತೋರಿಸುತ್ತೇನೆ.

ಇನ್ನೊಂದು ಹೇಳಿದರೆ ನೀನು ನಗುತ್ತೀಯ. ಹೂ ಕಟ್ಟುವುದು ಕಲಿ. ಗಾಂಧಿ ಬಜಾರಿನಲ್ಲಿ ಗಂಡಸರೂ ಕೂತು ಎಷ್ಟು ಸಲೀಸಾಗಿ ಕಟ್ಟುತ್ತಾರೆ, ನೋಡಿಲ್ವಾ? ಬಿಡಿ ಮಲ್ಲಿಗೆ ಮೊಗ್ಗು ತಾ. ದಾರಕ್ಕಿಂತ ನೆನೆಸಿದ ಬಾಳೆನಾರು ವಾಸಿ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ತೊಟ್ಟುಗಳು ಕೂಡುವ ಹಾಗೆ ಇಟ್ಟು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿ. ನಾರು ಒಂದು ಸುತ್ತು ಸುತ್ತಿ, ಕುಣಿಕೆ ಹಾಕಿ ಎಳಿ. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸಿ ಹೋಗುತ್ತದೆ, ಸಡಿಲ ಬಿಟ್ಟರೆ ಮೊಗ್ಗು ಜಾರುತ್ತದೆ. ಎಷ್ಟು ಎಳೆಯಬೇಕು ಅನ್ನುವುದನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ, ಬೆರಳಿಗೇ ತಿಳಿಯಬೇಕು. ಎರಡೂ ಕೈಯಲ್ಲಿ ಕೆಲಸ ಇರುವಾಗ ಫೋನ್ ಹಿಡಿಯುವುದೆಲ್ಲಿಂದ? ಮೊಗ್ಗು ಖಾಲಿಯಾದರೆ ಕೆಲಸವೂ ಮುಗಿಯಿತು. ಮೊದಮೊದಲು ಅಂಕುಡೊಂಕಾಗುತ್ತದೆ. ದೇವರಿಗೇನೂ ಬೇಜಾರಿಲ್ಲ. ಆದರೆ ಫೋಟೋ ತೆಗೆದು ಸ್ಟೇಟಸ್ಸಿಗೆ ಮಾತ್ರ ಹಾಕಬೇಡ. ಯಾರು ನೋಡಿದರು ಅಂತ ಹತ್ತು ಸಲ ತೆಗೆದು ನೋಡುತ್ತೀಯ.

ಪುಸ್ತಕ ಓದು ಅಂತ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ದಿನವೆಲ್ಲ ಸ್ಕ್ರೀನಿನ ಮೇಲೆ ಓದಿ ಓದಿ ಬರುವವನಿಗೆ ರಾತ್ರಿ ಮತ್ತೆ ಅಕ್ಷರವನ್ನೇ ಕೊಟ್ಟರೆ ಅದು ಶಿಕ್ಷೆ. ಮನಸ್ಸಾದ ದಿನ ಓದು. ಹಾಗೇ ದುಡ್ಡು ಕಟ್ಟಿ ಯಾವ ಕ್ಲಾಸಿಗೂ ಸೇರಬೇಡ. ಅಟ್ಟದ ಮೇಲಿರುವ ಆ ಸಂಗೀತದ ಕೀಬೋರ್ಡಿಗೆ ಜೊತೆ ಬೇಕಾಗಿಲ್ಲ.

ನಾಟಕ ನೋಡಬಹುದಲ್ಲ? ನೀವಿರುವುದು ಜಯನಗರ, ಜೆ.ಪಿ. ನಗರದ ರಂಗಶಂಕರ ಪಕ್ಕದಲ್ಲೇ ಇದೆ. 2004ರಲ್ಲಿ ಶುರುವಾಯಿತು. ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನಾ ನಾಟಕ. ಏಳೂವರೆ ಅಂದರೆ ಏಳೂವರೆಗೇ. ತಡವಾಗಿ ಹೋದರೆ ಯಾರೇ ಆಗಲಿ ಒಳಗೆ ಬಿಡುವುದಿಲ್ಲ. ಇದನ್ನು ದರ್ಪ ಅನ್ನುವವರಿದ್ದಾರೆ, ನನಗಂತೂ ಇಷ್ಟ. ಫೋನ್ ಆಫ್ ಮಾಡಿ ಕತ್ತಲಲ್ಲಿ ಕೂತರೆ ನಾಟಕ ಮುಗಿಯುವ ತನಕ ನಿಮ್ಮ ಮ್ಯಾನೇಜರಿಗೂ ನೀನು ಸಿಗುವುದಿಲ್ಲ. ನಾಟಕ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಆಚೆ ಬಂದು ಏನಾದರೂ ತಿನ್ನುತ್ತಾ ಬೈದುಕೊಳ್ಳಬಹುದು, ಅದೂ ಒಂದು ಸುಖವೇ. ಒಬ್ಬನೇ ಹೋಗಬೇಡ, ಬೈಯಲು ಜೊತೆಗೊಬ್ಬ ಇರಲಿ.

ಏನೂ ಬೇಡ ಅನ್ನಿಸಿದ ಭಾನುವಾರ ಸಂಜೆ ಲಾಲ್‌ಬಾಗಿನ ಬಂಡೆ ಹತ್ತಿ ಸುಮ್ನೆ ಕೂತುಕೋ. ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಮೊದಲು ಕೈ ಜೇಬಿಗೆ ಹೋಗುತ್ತಲೇ ಇರುತ್ತದೆ. ಹೋಗಲಿ ಬಿಡು, ಬರಿಗೈಯಲ್ಲಿ ವಾಪಸ್ಸು ತಂದುಕೋ. ಏಳು ಗಂಟೆಗೆ ಗೇಟು ಹಾಕುತ್ತಾರೆ, ಸೀಟಿ ಊದಿ ಎಬ್ಬಿಸುತ್ತಾರೆ.

ಫೋನ್ ಬಿಸಾಕು ಅಂದರೆ ಆಗುವ ಮಾತಲ್ಲ, ಆಫೀಸಿನವರು ಬಿಡಬೇಕಲ್ಲ. ಒಂದು ಅಲಾರಂ ಗಡಿಯಾರ ತಗೋ. ಅಲಾರಂ ನೆಪದಲ್ಲಿ ಫೋನು ದಿಂಬಿನ ಪಕ್ಕ ಬಂದು ಮಲಗುವುದರಿಂದಲೇ ಅರ್ಧ ಗಲಾಟೆ. ಚಾರ್ಜರು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಇರಲಿ. ಮೊದಲ ಕೆಲವು ರಾತ್ರಿ ಸಿಕ್ಕಾಪಟ್ಟೆ ಬೋರ್ ಆಗುತ್ತದೆ. ಬೋರ್ ಆಗಿ ಯಾರೂ ಸತ್ತಿಲ್ಲ, ನಿದ್ದೆ ಬರುತ್ತದೆ ಅಷ್ಟೇ.

ಬುಧವಾರ ನಮ್ಮ ಎದುರುಮನೆಯವರು ಕಾರಿನಲ್ಲಿ ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಚಟ್ನಿಪುಡಿ, ಒಂದು ಡಬ್ಬಿ ಹುಣಸೆಬೀಜ ಕಳಿಸುತ್ತಿದ್ದೇನೆ. ತೇಯುವ ಕೆಲಸ ನಿನ್ನದು. ನಿಮ್ಮಪ್ಪನನ್ನೂ ಆಟಕ್ಕೆ ಕೂರಿಸು. ಬೀಜ ಹಾಕುವಾಗ ಅವನ ಕೈ ಮೇಲೆ ಒಂದು ಕಣ್ಣಿರಲಿ, ಕುಲುಕದೆ ಹಾಗೇ ಜೋಡಿಸಿ ಬಿಡುತ್ತಾನೆ.

ಇತಿ ಆಶೀರ್ವಾದಗಳು,
ನಿನ್ನ ಅತ್ತೆ