ಜನರೇಟರ್ ಬಾಡಿಗೆ: ಎರಡೂ ಕಡೆ ಪಿನ್ ಇರುವ ವೈರ್ ಇನ್ನು ಕೊಡುವುದಿಲ್ಲ

ಮಾನ್ಯ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಜೂನ್ 1ರಿಂದ ನಮ್ಮ ಸಂಘದ ಬಾಡಿಗೆ ವಿಭಾಗದಲ್ಲಿ ಮೂರು ಬದಲಾವಣೆ ಆಗಿದೆ. ಜನರೇಟರ್ ಜೊತೆ ಕೊಡುತ್ತಿದ್ದ, ಎರಡೂ ತುದಿಗೆ ಪಿನ್ ಇರುವ ವೈರನ್ನು ನಿಲ್ಲಿಸಿದ್ದೇವೆ. ಮನೆಯ ಬೋರ್ಡಿಗೆ ಸೆಟ್ (ಜನರೇಟರ್) ಜೋಡಿಸಬೇಕಾದರೆ, ಲೈನಿನ ಕರೆಂಟ್ ಇಲ್ಲವೇ ಜನರೇಟರ್ ಕರೆಂಟ್ ಒಂದನ್ನೇ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. 2 ಕೆವಿಎ ಸೆಟ್ಟಿನ ದಿನಬಾಡಿಗೆ 350 ರೂಪಾಯಿ ಇದ್ದದ್ದು 450 ಆಗಿದೆ, ಠೇವಣಿ 2,000 ಇದ್ದದ್ದು 3,000 ಆಗಿದೆ.

ಕೌಂಟರಿಗೆ ಬಂದವರೂ ಫೋನ್ ಮಾಡಿದವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: "ಇಷ್ಟು ವರ್ಷ ಅದೇ ವೈರನ್ನ ಸಾಕೆಟ್ಟಿಗೆ ಸಿಕ್ಕಿಸಿ ಮನೆಗೆಲ್ಲ ಕರೆಂಟ್ ಮಾಡ್ಕೊಂಡಿದ್ದೀವಿ, ಏನೂ ಆಗಿಲ್ಲ. ಈಗ ಸ್ವಿಚ್ ಮಾರೋಕೆ ಹೊರಟಿದ್ದೀರಿ." ಈ ಮಾತಿಗೆ ಸರಿಯಾಗಿ ಉತ್ತರ ಕೊಡದೆ ಬಿಡುವಂತಿಲ್ಲ.

ಮೊದಲು ನಮ್ಮ ತಪ್ಪು. ಆ ವೈರನ್ನು ನಮ್ಮ ಕೌಂಟರಿನಲ್ಲೇ ಪಿನ್ ಹಾಕಿ ಕಟ್ಟಿ ಕೊಟ್ಟಿದ್ದೇವೆ. ಕೊಡಬಾರದಿತ್ತು. ಗಿರಾಕಿಗೆ ಸುಲಭವಾಗಲಿ ಎಂದು ಮಾಡಿದ್ದು ನಿಜ, ಆದರೆ ಅದು ಸಮಜಾಯಿಷಿ ಆಗುವುದಿಲ್ಲ. ಕ್ಷಮೆ ಕೇಳುತ್ತೇವೆ.

ಈಗ ಆ ವೈರನ್ನೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದು ತುದಿ ಸೆಟ್ಟಿನ ಸಾಕೆಟ್ಟಿಗೆ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಮೂರು ಹಿತ್ತಾಳೆ ಪಿನ್ನುಗಳು ಬೋಳಾಗಿ ಹೊರಗಿವೆ. ಸೆಟ್ ಓಡುತ್ತಿರುವಾಗ ಈ ತುದಿ ಗೋಡೆಯಿಂದ ಜಾರಿತು, ಅಥವಾ ಮಗು ಎಳೆಯಿತು ಅನ್ನಿ. ಆ ಬೋಳು ಪಿನ್ನಿನಲ್ಲಿ 230 ವೋಲ್ಟ್ ಇರುತ್ತದೆ. ಕರೆಂಟ್ ಕೊಡುವ ತುದಿಯಲ್ಲಿ ಯಾವತ್ತೂ ತೂತು ಇರಬೇಕು, ಪಿನ್ ಇರಬಾರದು. ಸಾಕೆಟ್ಟನ್ನು ಹಾಗೆ ಮಾಡಿರುವುದು ಇದೇ ಕಾರಣಕ್ಕೆ.

ಇದು ಮನೆಯೊಳಗಿನ ಮಾತಾಯಿತು. ಹೊರಗಿನದು ಇದಕ್ಕಿಂತ ದೊಡ್ಡದು. ಗೋಡೆಯ ಸಾಕೆಟ್ಟಿಗೆ ಕೊಟ್ಟ ಕರೆಂಟ್ ಬೋರ್ಡಿಗೆ ಬಂದು, ಅಲ್ಲಿಂದ ಮೀಟರ್ ದಾಟಿ, ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಕಂಬದಿಂದ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹೋದರೆ ಟಿಸಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ: 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಪೆಟ್ಟಿಗೆ, ನಿಮ್ಮ 230 ವೋಲ್ಟನ್ನು ಏರಿಸಿ ಆಚೆಯ ಲೈನಿಗೆ 11,000ದ ಹತ್ತಿರಕ್ಕೆ ತಲುಪಿಸುತ್ತದೆ. "ಎರಡು ಕೆವಿಎ ಸೆಟ್ ಊರಿಗೆಲ್ಲ ಕರೆಂಟ್ ಕೊಡುತ್ತಾ? ಲೋಡ್ ತಡೀಲಾರದೆ ಟ್ರಿಪ್ ಆಗಲ್ವಾ?" ಎಂದು ತಿಳಿದವರೇ ಕೇಳಿದ್ದಾರೆ. ಊರೆಲ್ಲ ಸೇರಿಕೊಂಡಿದ್ದರೆ ಟ್ರಿಪ್ ಆಗುತ್ತದೆ, ಸರಿ. ಆದರೆ ನಮ್ಮ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೇಗೆ? ಮರ ಬಿದ್ದು ತಂತಿ ತುಂಡಾಗುತ್ತದೆ. ತುಂಡಾದ ಈಚೆ ಬದಿಯಲ್ಲಿ ಉಳಿಯುವುದು ನಿಮ್ಮ ಮನೆ, ತೋಟದಾಚೆಯ ಇನ್ನೊಂದೆರಡು ಮನೆ, ಅಷ್ಟೇ. ಅಷ್ಟು ಲೋಡನ್ನು ಸೆಟ್ ಸಲೀಸಾಗಿ ಎಳೆಯುತ್ತದೆ, ಟ್ರಿಪ್ ಆಗುವುದಿಲ್ಲ. ನೆಲಕ್ಕೆ ಬಿದ್ದ ತಂತಿಯಲ್ಲಿ ಕರೆಂಟ್ ಇರುತ್ತದೆ.

ಆ ತಂತಿಯನ್ನು ಎತ್ತಲು ಬರುವವನು ಪವರ್‌ಮ್ಯಾನ್. ಆಚೆ ಲೈನ್ ಆಫ್ ಮಾಡಿಸಿಕೊಂಡು, ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನಲ್ಲಿ ಕೆಲಸ ಮಾಡಲು ಅನುಮತಿ) ತೆಗೆದುಕೊಂಡು, ಮಳೆಯಲ್ಲಿ ನೆನೆದುಕೊಂಡೇ ಕಂಬ ಹತ್ತುತ್ತಾನೆ. ಹಿಂದಿನಿಂದ ಯಾರದೋ ಮನೆಯ ಸೆಟ್ ಕರೆಂಟ್ ಕಳಿಸುತ್ತಿರುವುದು ಅವನ ಕಣ್ಣಿಗೆ ಕಾಣುವುದಿಲ್ಲ. ಅವನನ್ನು ಕೊಲ್ಲಲು 11,000 ವೋಲ್ಟೇ ಬೇಕೆಂದಿಲ್ಲ, ಒದ್ದೆ ಕೈಗೆ 230 ಸಾಕು. ನಾಲ್ಕು ದಿನ ಕತ್ತಲಲ್ಲಿ ಕೂತ ನಮಗೆ ಬೆಳಕು ಕೊಡಲು ಬಂದವನು ನಮ್ಮ ಸಂಘ ಕಟ್ಟಿಕೊಟ್ಟ ವೈರಿನಿಂದ ಸಾಯುವುದನ್ನು ನಾವು ಒಪ್ಪಲಾರೆವು. ಬಾಡಿಗೆ ವ್ಯವಹಾರ ನಿಂತರೂ ಚಿಂತೆಯಿಲ್ಲ.

"ನಾವು ಮೇನ್ ಆಫ್ ಮಾಡೇ ಹಾಕೋದು" ಎನ್ನುವವರಿದ್ದಾರೆ. ನೀವು ಮರೆಯುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ರಾತ್ರಿ ಪಕ್ಕದ ಮನೆಯಲ್ಲಿ ಬೆಳಕು ಕಂಡಾಗ, ಕರೆಂಟ್ ಬಂತೇನೋ ನೋಡೋಣ ಎಂದು ಮನೆಯ ಇನ್ಯಾರೋ ಮೇನ್ ಎತ್ತುತ್ತಾರೆ. ಹಳೆಯ ಮನೆಗಳ ಫ್ಯೂಸ್ ಬೋರ್ಡಿನಲ್ಲಿ ಫ್ಯೂಸ್ ಕಿತ್ತರೆ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಲೈನಿಗೆ ಸೇರಿಕೊಂಡಿರುತ್ತದೆ. ಇನ್ನು ಸೆಟ್ ಓಡುತ್ತಿರುವಾಗ ಲೈನಿನ ಕರೆಂಟ್ ಬಂದು ಎರಡೂ ಎದುರುಬದುರಾದರೆ, ಸೆಟ್ಟಿನ ವೈಂಡಿಂಗ್ ಕ್ಷಣದಲ್ಲಿ ಸುಡುತ್ತದೆ. ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್ ಇದೆ ಎಂಬುದು ನೆನಪಿರಲಿ. ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಹಿಡಿ ಒಂದೇ. ಅದು ಲೈನಿನ ಕಡೆ ಇರಬೇಕು, ನಡುವೆ ಆಫ್‌ನಲ್ಲಿರಬೇಕು, ಇಲ್ಲವೇ ಜನರೇಟರ್ ಕಡೆ ಇರಬೇಕು. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ, ಯಾರು ಮರೆತರೂ.

ಸಿಂಗಲ್ ಫೇಸ್ ಮನೆಗೆ ಬೇಕಾದದ್ದು 32 ಆಂಪಿಯರಿನ ಡಬಲ್ ಪೋಲ್ ಚೇಂಜ್‌ಓವರ್. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದೇ ಆಗಬೇಕು. ಜನರೇಟರ್ ಬದಿಗೆ 10 ಆಂಪಿಯರಿನ ಒಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಲೈನಿನ ಬದಿಗೆ ಕರೆಂಟ್ ಬಂದದ್ದು ತೋರಿಸುವ ಒಂದು ಇಂಡಿಕೇಟರ್ ದೀಪ. ಇದಿಷ್ಟನ್ನೂ ನಾವು ಕೊಂಡ ಬೆಲೆಗೇ ಕೊಡುತ್ತೇವೆ. ಬಿಲ್ ಕೌಂಟರಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಹೊರಗೆ ಕೊಂಡರೂ ಅಡ್ಡಿಯಿಲ್ಲ. ಕೂರಿಸುವವರು ಮಾತ್ರ ಲೈಸೆನ್ಸ್ ಇರುವ ವೈರಿಂಗಿನವರೇ ಆಗಿರಲಿ. ಮನೆಯಲ್ಲಿ ಆರ್‌ಸಿಸಿಬಿ (ಶಾಕ್ ಹೊಡೆದಾಗ ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಅವರಿಗೆ ಒಂದು ಮಾತು ಹೇಳಿ: ಸಣ್ಣ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ಲನ್ನು ಸೆಟ್ಟಿನ ಲೋಹದ ಬಾಡಿಯ ಜೊತೆ ಸೇರಿಸಿರುವುದಿಲ್ಲ. ಹಾಗೆ ಬಿಟ್ಟರೆ ಸೆಟ್ಟಿನಲ್ಲಿ ಓಡುವಾಗ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳದೆ ಇರಬಹುದು. ಟೆಸ್ಟ್ ಬಟನ್ ಒತ್ತಿದಾಗ ಬಿತ್ತು ಎಂದು ಸಮಾಧಾನ ಪಡಬೇಡಿ, ಆ ಬಟನ್ ಅರ್ತ್ ಇಲ್ಲದೆಯೂ ಕೆಲಸ ಮಾಡುತ್ತದೆ. ಜನರೇಟರ್ ಬದಿಯ ನ್ಯೂಟ್ರಲ್ ಮತ್ತು ಸೆಟ್ಟಿನ ಬಾಡಿ ಎರಡನ್ನೂ ಮನೆಯ ಅರ್ತಿಗೆ ಅವರಿಂದಲೇ ಸೇರಿಸಿಕೊಳ್ಳಿ.

ಸ್ವಿಚ್ ಬೇಡ ಎನ್ನುವವರಿಗೆ ಬಲವಂತವಿಲ್ಲ. 15 ಮೀಟರ್ ಉದ್ದದ, 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ ಕೇಬಲ್, ತುದಿಗೆ ಸಾಕೆಟ್ ಬೋರ್ಡ್ ಹಾಕಿದ್ದನ್ನು ಸೆಟ್ಟಿನ ಜೊತೆಗೇ ಕೊಡುತ್ತೇವೆ. ಫ್ರಿಜ್ಜು, ಎರಡು ದೀಪ, ಮೊಬೈಲು ಅದರಲ್ಲೇ ಆಗುತ್ತದೆ. ಕೇಬಲ್ಲನ್ನು ಸುರುಳಿಯಲ್ಲೇ ಬಿಟ್ಟು ಓಡಿಸಬೇಡಿ, ಒಳಗಿನ ಸುತ್ತು ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಪೂರ್ತಿ ಬಿಚ್ಚಿ ಹಾಕಿ. ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜದ ಹಾಗೆ ನೋಡಿಕೊಳ್ಳಿ.

ಕೇಬಲ್ 15 ಮೀಟರ್ ಏಕೆ ಎಂದರೆ, ಸೆಟ್ ಮನೆಯಿಂದ ದೂರ ಇರಬೇಕು. ಕಡಿಮೆಯೆಂದರೆ 6 ಮೀಟರ್, ಅಂದರೆ 20 ಅಡಿ. ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಮಾಡಿರಬೇಕು. ಜಗುಲಿಯಲ್ಲಿ, ಕೊಟ್ಟಿಗೆಯಲ್ಲಿ, ಬಚ್ಚಲುಮನೆಯ ಮಾಡಿನಡಿ, ಕಿಟಕಿಯ ಕೆಳಗೆ ಇಡುವುದನ್ನು ನಾವು ಪ್ರತಿ ಮಳೆಗಾಲ ನೋಡುತ್ತೇವೆ. "ಹೆಂಚಿನ ಮನೆ ಅಲ್ವಾ, ಸಂದೀಲಿ ಹೊಗೆ ಹೋಗುತ್ತೆ, ಬಚ್ಚಲೊಲೆ ಹೊಗೆ ಹೋಗಲ್ವಾ" ಎಂಬ ಮಾತು ಕೇಳಿದ್ದೇವೆ. ಸೌದೆಯ ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮು ಬರಿಸುತ್ತದೆ. ಎದ್ದು ಆಚೆ ಹೋಗುತ್ತೀರಿ. ಪೆಟ್ರೋಲ್ ಇಂಜಿನ್ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯೂ ಇಲ್ಲ. ತೂಕ ಹೆಚ್ಚುಕಡಿಮೆ ಗಾಳಿಯದ್ದೇ ಆದ್ದರಿಂದ ಅದು ಮೇಲೇರಿ ಹೆಂಚಿನ ಸಂದಿ ಹುಡುಕಿಕೊಂಡು ಹೋಗುವುದಿಲ್ಲ, ಕೋಣೆ ಕೋಣೆಗೆ ಹರಡುತ್ತದೆ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕಿಟಕಿ ತೆಗೆದಿಟ್ಟರೆ ಸಾಕು, ಫ್ಯಾನ್ ಹಾಕಿದರೆ ಸಾಕು ಎನ್ನುವುದೂ ತಪ್ಪು.

ಎಚ್ಚರವಿದ್ದವರಿಗೆ ಮೊದಲು ತಲೆನೋವು, ಆಮೇಲೆ ತಲೆ ತಿರುಗುವುದು, ವಾಕರಿಕೆ, ಕೈಕಾಲು ಸೋಲುವುದು. ಮಳೆಗಾಲದ ಜ್ವರ ಎಂದು ತಿಳಿದು ಹೊದ್ದು ಮಲಗಿಬಿಡುವುದೇ ಅಪಾಯ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ಅದನ್ನು ಜ್ವರ ಎಂದುಕೊಳ್ಳಬೇಡಿ. ಎಲ್ಲರನ್ನೂ ಮೊದಲು ಅಂಗಳಕ್ಕೆ ಎಳೆದು ತನ್ನಿ, ಸೆಟ್ ಆಮೇಲೆ ನಿಲ್ಲಿಸಿದರಾಯಿತು, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಜನರೇಟರ್ ಓಡುತ್ತಿತ್ತು ಎಂದು ಬಾಯಿಬಿಟ್ಟು ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಮನೆಯಲ್ಲೂ ಇದೆ. ಅದು ಈ ವಿಷಗಾಳಿಯನ್ನೂ ಆಕ್ಸಿಜನ್ ಎಂದೇ ಎಣಿಸಿ 97, 98 ತೋರಿಸುತ್ತದೆ. ಅದನ್ನು ನಂಬಬೇಡಿ.

ಹಾಗಾದರೆ ಮಳೆಯಲ್ಲಿ ಎಲ್ಲಿ ಇಡುವುದು? ನಾಲ್ಕು ಕಡೆಯೂ ತೆರೆದ, ಮೇಲೆ ತಗಡು ಮಾತ್ರ ಇರುವ ಸಣ್ಣ ಚಪ್ಪರ ಹಾಕಿ. ಕೆಳಗೆ ಎತ್ತರಕ್ಕೆ ಒಂದು ಚಪ್ಪಡಿ, ಮಟ್ಟವಾಗಿರಲಿ. ಸೆಟ್ ವಾಲಿದರೆ ಇಂಜಿನ್ ಎಣ್ಣೆ ಕಡಿಮೆ ಎಂದು ತಿಳಿದು ತಾನೇ ನಿಲ್ಲುತ್ತದೆ. ಸುತ್ತ ಮೂರ್ನಾಲ್ಕು ಅಡಿ ಬಿಡಿ. ಟಾರ್ಪಾಲು ಸುತ್ತಬೇಡಿ, ಸೈಲೆನ್ಸರಿಗೆ ತಗಲಿ ಹತ್ತಿಕೊಳ್ಳುತ್ತದೆ. ಕಳ್ಳರ ಭಯಕ್ಕೇ ಒಳಗಿಡುವವರು ಬಹಳ, ಅದು ನಮಗೆ ಗೊತ್ತು. ಅದಕ್ಕೆಂದೇ ಈ ವರ್ಷದಿಂದ ಪ್ರತಿ ಸೆಟ್ಟಿನ ಜೊತೆ ಸರಪಳಿ, ಬೀಗ ಕೊಡುತ್ತಿದ್ದೇವೆ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ ಎಂದು ಬೇರೆ ಹೇಳಬೇಕಿಲ್ಲ.

2 ಕೆವಿಎ ಎಂದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್, ಅಷ್ಟೇ. 9 ವಾಟಿನ ಹತ್ತು ಬಲ್ಬು, ಮೂರು ಫ್ಯಾನು, ಫ್ರಿಜ್ಜು, ಟಿವಿ ಆರಾಮಾಗಿ ಓಡುತ್ತವೆ. ಮಿಕ್ಸಿ ಹಾಕುವಾಗ ಬೇರೆ ದೊಡ್ಡದು ಬೇಡ. ಗೀಸರ್, ಇಂಡಕ್ಷನ್ ಒಲೆ ಆಗುವುದೇ ಇಲ್ಲ. 1 ಎಚ್‌ಪಿ ಪಂಪು ಓಡುವಾಗ ಎಳೆಯುವುದು ಸುಮಾರು 1,100 ವಾಟ್ ಆದರೂ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ನಾಲ್ಕರಿಂದ ಆರು ಪಟ್ಟು ಕರೆಂಟ್ ಕೇಳುತ್ತದೆ. ಸೆಟ್ ಎಳೆಯಲಾರದೆ ವೋಲ್ಟೇಜ್ ಕುಸಿದು ಮೋಟಾರೇ ಸುಡುತ್ತದೆ. ಅದಕ್ಕೆ ದೊಡ್ಡ ಸೆಟ್ ಕೇಳಿ ತೆಗೆದುಕೊಳ್ಳಿ. ಇನ್ವರ್ಟರ್ ಚಾರ್ಜ್ ಆಗದಿದ್ದರೆ ಸೆಟ್ ಕೆಟ್ಟಿದೆ ಎಂದು ಫೋನ್ ಮಾಡುವ ಮೊದಲು ಅದರ ಹಿಂದಿನ ಸಣ್ಣ ಸ್ವಿಚ್ ನೋಡಿ. ಯುಪಿಎಸ್ ಮೋಡಿನಲ್ಲಿದ್ದರೆ ಜನರೇಟರಿನ ಕರೆಂಟನ್ನು ಅದು ಒಪ್ಪುವುದಿಲ್ಲ, ನಾರ್ಮಲ್ ಮೋಡಿಗೆ ಹಾಕಿ.

ಶುರು ಮಾಡುವಾಗ ಲೋಡ್ ಇಲ್ಲದೆ ಮೂರು ನಿಮಿಷ ಓಡಿಸಿ. ಆಮೇಲೆ ಹಿಡಿಯನ್ನು ಜನರೇಟರ್ ಕಡೆ ತಿರುಗಿಸಿ, ಮೊದಲು ಫ್ರಿಜ್ಜು, ಅದು ಹಿಡಿದುಕೊಂಡ ಮೇಲೆ ಉಳಿದದ್ದು ಒಂದೊಂದಾಗಿ. ಪೆಟ್ರೋಲ್ ಹಾಕಬೇಕಾದರೆ ಸೆಟ್ ನಿಲ್ಲಿಸಿ 15 ನಿಮಿಷ ಆರಲು ಬಿಡಿ, ಬಿಸಿ ಸೈಲೆನ್ಸರಿನ ಮೇಲೆ ಚೆಲ್ಲಿದರೆ ಕಿಡಿಯೂ ಬೇಕಿಲ್ಲ. ಸೀಮೆಎಣ್ಣೆ ದೀಪವನ್ನೋ ಮೇಣದಬತ್ತಿಯನ್ನೋ ಹಿಡಿದು ಟ್ಯಾಂಕ್ ಇಣುಕುವುದು ಬೇಡವೇ ಬೇಡ, ಟಾರ್ಚ್ ಬಳಸಿ. ಪೆಟ್ರೋಲಿನ ಕ್ಯಾನ್ ಅಡುಗೆಮನೆ, ದೇವರ ಕೋಣೆಯಿಂದ ದೂರ, ಮನೆಯ ಹೊರಗೇ ಇರಲಿ.

ಇನ್ನು ಬಾಡಿಗೆಯ ಮಾತು. ಲಾಭಕ್ಕೆ ಏರಿಸಿದರು ಎಂಬ ಮಾತು ನಮಗೆ ನೋವು ತಂದಿದೆ. ಇಂಜಿನ್ 100 ಗಂಟೆ ಓಡಿದರೆ 600 ಮಿಲಿಲೀಟರ್ ಎಣ್ಣೆ ಬದಲಿಸಲೇಬೇಕು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಗಂಟೆ ಓಡಿದರೆ ಹತ್ತೇ ದಿನಕ್ಕೆ ಒಂದು ಎಣ್ಣೆ ಬದಲಾವಣೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಸೇರಿದೆ, ಅದು ನಮ್ಮ ಮಲೆನಾಡಿನ ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟೇ ವಾಪಸ್ ತಂದ ಸೆಟ್ಟಿನ ಕಾರ್ಬ್ಯುರೇಟರ್ ಬಿಚ್ಚಿದರೆ ಬೌಲಿನ ತಳದಲ್ಲಿ ನೀರು, ಜೆಟ್ಟಿನ ಕೂದಲೆಳೆಯಷ್ಟು ತೂತಿನಲ್ಲಿ ಹಳದಿ ಅಂಟು. ಆಮೇಲೆ ಅದು ಚೋಕ್ ಎಳೆದರೆ ಮಾತ್ರ ಓಡುತ್ತದೆ, ಸದ್ದು ಏರುತ್ತದೆ, ಇಳಿಯುತ್ತದೆ. ಮುಂದೆ ತೆಗೆದುಕೊಂಡು ಹೋದವರು "ಸಂಘದ ಸೆಟ್ಟೇ ಹೀಗೆ" ಎನ್ನುತ್ತಾರೆ. ಎರಡೂ ಕಡೆ ಪಿನ್ ಇರುವ ವೈರಿನಿಂದ ಸುಟ್ಟ ವೈಂಡಿಂಗಿನ ಖರ್ಚನ್ನು ಈವರೆಗೆ ಯಾರ ಠೇವಣಿಯಿಂದಲೂ ಪೂರ್ತಿ ಹಿಡಿದಿಲ್ಲ, ಸಂಘವೇ ಹೊತ್ತಿದೆ. ಪಕ್ಕದ ಅಂಗಡಿಗಿಂತ ಬಾಡಿಗೆ ಹೆಚ್ಚು ಎನ್ನುವವರು ಒಂದು ನೋಡಬೇಕು: ಅಳೆದ ಎಣ್ಣೆ, ಶುದ್ಧ ಮಾಡಿದ ಸ್ಪಾರ್ಕ್ ಪ್ಲಗ್ ಇಲ್ಲದೆ, ನಿಮ್ಮ ಮುಂದೆಯೇ ಲೋಡ್ ಹಾಕಿ ವೋಲ್ಟೇಜ್ ತೋರಿಸದೆ ನಮ್ಮ ಕೌಂಟರಿನಿಂದ ಒಂದು ಸೆಟ್ಟೂ ಹೊರಗೆ ಹೋಗುವುದಿಲ್ಲ.

ನೀವು ಮಾಡಬೇಕಾದದ್ದು ಒಂದಿದೆ. ವಾಪಸ್ ತರುವ ಮೊದಲು ಲೋಡ್ ತೆಗೆದು, ಪೆಟ್ರೋಲ್ ಕಾಕ್ ಮುಚ್ಚಿ, ಸೆಟ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬ್ಯುರೇಟರ್ ಖಾಲಿಯಾಗುತ್ತದೆ. ಹಾಗೆ ತಂದವರಿಗೆ ಕೊನೆಯ ದಿನದ ಬಾಡಿಗೆಯಲ್ಲಿ 50 ರೂಪಾಯಿ ಬಿಡುತ್ತೇವೆ.

ಬಾಣಂತಿ, ಹಾಸಿಗೆ ಹಿಡಿದ ಹಿರಿಯರು, ಆಕ್ಸಿಜನ್ ಯಂತ್ರ ಬಳಸುವವರು ಇರುವ ಮನೆಗೆ ಹಳೆಯ ಬಾಡಿಗೆಯೇ ನಡೆಯುತ್ತದೆ, ಸೆಟ್ ಕೊಡುವಾಗಲೂ ಅವರೇ ಮೊದಲು. ಜೋಡಿಸುವುದು ತಿಳಿಯದಿದ್ದರೆ ನಮ್ಮವರೇ ಮನೆಗೆ ಬಂದು, ಜಾಗ ನೋಡಿ, ಒಮ್ಮೆ ಓಡಿಸಿ ತೋರಿಸಿ ಹೋಗುತ್ತಾರೆ, ಅದಕ್ಕೆ ದುಡ್ಡಿಲ್ಲ. ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ.

ಎರಡೂ ಕಡೆ ಪಿನ್ ಇರುವ ಹಳೆಯ ವೈರ್ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಜೂನ್ ಮುಗಿಯುವುದರೊಳಗೆ ತಂದುಕೊಡಿ. ಒಂದಕ್ಕೆ 100 ರೂಪಾಯಿ ಕೊಡುತ್ತೇವೆ, ನಮ್ಮದಾಗಲಿ ಹೊರಗೆ ಕಟ್ಟಿಸಿದ್ದಾಗಲಿ. ತರಲಾಗದವರು ಇವತ್ತೇ ಎರಡೂ ಬದಿಯ ಪಿನ್ನನ್ನು ಬುಡದಲ್ಲೇ ಕತ್ತರಿಸಿ ಹಾಕಿ.

ಇಂತಿ ನಿಮ್ಮ,
ಬಾಡಿಗೆ ವಿಭಾಗದವರು