ಭಾನುವಾರದ ಚರ್ಚೆ: ಬಿರುಕು ಮುಚ್ಚಿಕೊಳ್ಳುವ ಪ್ಲಾಸ್ಟಿಕ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5 ಗಂಟೆಗೆ ನಮ್ಮ ವಿಜ್ಞಾನ ಬಳಗದ ಆನ್‌ಲೈನ್ ಚರ್ಚೆ ಇದೆ. ವಿಷಯ: ವಿಟ್ರಿಮರ್, ಅಂದರೆ ಗಟ್ಟಿಯಾದ ಮೇಲೂ ಬಿಸಿಯಲ್ಲಿ ಮತ್ತೆ ಜೋಡಿಸಬಹುದಾದ ಪ್ಲಾಸ್ಟಿಕ್. ಹೈಸ್ಕೂಲು, ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವರು ದಯವಿಟ್ಟು ತಪ್ಪಿಸಬೇಡಿ.

ಬರುವ ಮುಂಚೆ ಇಷ್ಟು ಗೊತ್ತಿರಲಿ. ಹಾಲಿನ ಕವರ್ ಬಿಸಿಗೆ ಕರಗುತ್ತದೆ, ಮತ್ತೆ ಅಚ್ಚಿಗೆ ಹಾಕಬಹುದು. ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿ ಮಾಡುವ ಪ್ಲಾಸ್ಟಿಕ್) ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಮುಗೀತು, ಜಾಸ್ತಿ ಕಾಯಿಸಿದರೆ ಕರಕಲಾಗುತ್ತದೆ. ಎಪಾಕ್ಸಿ ಬಳಸಿ ಮಾಡಿದ ಗಾಳಿಯಂತ್ರದ ಹಳೇ ರೆಕ್ಕೆಗಳನ್ನು ಮರುಬಳಕೆ ಮಾಡುವುದು ಕಷ್ಟವಾಗಿರುವುದು ಇದರಿಂದಲೇ. 2011ರಲ್ಲಿ ಪ್ಯಾರಿಸ್‌ನ ಲುಡ್ವಿಕ್ ಲೈಬ್ಲರ್ ತಂಡ ಇದಕ್ಕೊಂದು ದಾರಿ ತೋರಿಸಿತು. ಎಪಾಕ್ಸಿಯ ಅಣುಗಳ ಜಾಲದೊಳಗೆ ಸತುವಿನ ವೇಗವರ್ಧಕ ಸೇರಿಸಿದರು. ಇದೇ ವಿಟ್ರಿಮರ್. ಬಿಸಿಯಾದಾಗ ಈ ಜಾಲವನ್ನು ಹಿಡಿದಿಡುವ ಎಸ್ಟರ್ ಎಂಬ ರಾಸಾಯನಿಕ ಬಂಧಗಳು ಜೋಡಿ ಬದಲಿಸುತ್ತವೆ, ಆದರೆ ಒಟ್ಟು ಬಂಧಗಳು ಕಡಿಮೆಯಾಗುವುದಿಲ್ಲ. ಹಾಗಾಗಿ ಪುಡಿ ಮಾಡಿದ ತುಂಡುಗಳನ್ನು ಬಿಸಿಯಲ್ಲಿ ಒತ್ತಿದರೆ ಮತ್ತೆ ಒಂದಾಗುತ್ತವೆ. ಬಿರುಕನ್ನೂ ಹೀಗೇ ಮುಚ್ಚಬಹುದು. ನನಗಂತೂ ಇದು ಬಹಳ ಚಂದದ ಉಪಾಯ ಅನ್ನಿಸುತ್ತದೆ.

ತೊಡಕೂ ಇದೆ. ಬಂಧ ಬದಲಾಗುತ್ತಿದ್ದರೆ ಭಾರ ಹೊತ್ತ ವಸ್ತು ನಿಧಾನಕ್ಕೆ ಜಗ್ಗಬಹುದು ಅಲ್ವಾ? ಚರ್ಚೆಯ ಹೆಚ್ಚಿನ ಸಮಯ ಇದಕ್ಕೇ ಇಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಲಿಂಕ್ ಶನಿವಾರ ಕಳಿಸುತ್ತೇನೆ. ಪ್ರಶ್ನೆಗಳಿದ್ದರೆ ಈಗಲೇ ಬರೆಯಿರಿ, ತಯಾರಿಗೆ ಅನುಕೂಲ. ಬಿರುಕು ಮುಚ್ಚುವ ಇನ್ನೊಂದು ದಾರಿಯೂ ಇದೆ: 2001ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಮಾಡಿದ ಸೂಕ್ಷ್ಮ ಕ್ಯಾಪ್ಸೂಲ್ ವಿಧಾನದಲ್ಲಿ, ಬಿರುಕು ಬಿಟ್ಟಾಗ ಕ್ಯಾಪ್ಸೂಲ್ ಒಡೆದು ಒಳಗಿನ ದ್ರವ ಬಿರುಕನ್ನು ತುಂಬುತ್ತದೆ. ಅದರ ಬಗ್ಗೆ ಹತ್ತು ನಿಮಿಷ ಮಾತಾಡಲು ಒಬ್ಬರು ಬೇಕು. ಯಾರು ಒಪ್ಪಿಕೊಳ್ಳುತ್ತೀರಿ, ತಿಳಿಸಿ.